ಸಾವಯವ ಸೌಂದರ್ಯವರ್ಧಕಗಳ ಆಯ್ಕೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ

ಸಾವಯವ ಸೌಂದರ್ಯವರ್ಧಕಗಳು: ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕ ಬಳಸದೆ ಬೆಳೆದ ಸಸ್ಯಗಳ ಎಣ್ಣೆ, ಹಿಟ್ಟು, ಸಾರ, ಬಣ್ಣಗಳಿಂದ ತಯಾರಿಸಿ ಮೈ, ಮುಖ, ತುಟಿ, ಕೂದಲು, ಉಗುರುಗಳಿಗೆ ಬಳಸುವ ಸಾಮಗ್ರಿಗಳು. ಇದು ಪುಸ್ತಕದ ಅರ್ಥ. ಅಂಗಡಿಯಲ್ಲಿ ಈ ಹೆಸರು ಹೊತ್ತು ಬರುವ ಡಬ್ಬಿಗಳೆಲ್ಲ ಈ ಅರ್ಥಕ್ಕೆ ಹೊಂದುವುದಿಲ್ಲ. ಆರ್ಗ್ಯಾನಿಕ್, ನ್ಯಾಚುರಲ್, ಹರ್ಬಲ್, ಆಯುರ್ವೇದಿಕ್ ಎಂಬ ನಾಲ್ಕು ಮಾತುಗಳನ್ನು ಮಾರುವವರೂ ಕೊಳ್ಳುವವರೂ ಒಂದೇ ಎಂಬಂತೆ ಆಡುತ್ತಾರೆ. ಮೊದಲನೆಯದು ಬೆಳೆದ ಬಗೆಯನ್ನು ಹೇಳುತ್ತದೆ, ಎರಡನೆಯದು ಮತ್ತು ಮೂರನೆಯದು ಮೂಲವನ್ನು, ನಾಲ್ಕನೆಯದು ಔಷಧ ಕಾಯಿದೆಯ ಒಂದು ಬಗೆಯ ಪರವಾನಗಿಯನ್ನು. ಕೀಟನಾಶಕ ಹೊಡೆದ ಲೋಳೆಸರದಿಂದ ಮಾಡಿದ ಜೆಲ್ಲು ಹರ್ಬಲ್ ಆಗಬಹುದು, ಸಾವಯವ ಆಗದು.

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಯಿತು. ಹಾವೇರಿ ಪಟ್ಟಣ ಏಲಕ್ಕಿ ಹಾರಕ್ಕೆ, ರಾಣೆಬೆನ್ನೂರು ಹತ್ತಿ ಮತ್ತು ಬೀಜೋತ್ಪಾದನೆಗೆ, ಬ್ಯಾಡಗಿ ಮೆಣಸಿನಕಾಯಿಗೆ ಹೆಸರುವಾಸಿ. ಈ ಮೂರು ಊರುಗಳ ಪೇಟೆಗಳಲ್ಲಿ ಸಾವಯವ ಎಂಬ ಮಾತು ಎರಡು ದಿಕ್ಕಿನಿಂದ ಕೇಳಿಬರುತ್ತದೆ. ಒಂದು, ಬೆಳೆಗಾರನ ಕಡೆಯಿಂದ: ಕಚ್ಚಾಮಾಲು ಇಲ್ಲಿಂದ ಹೋಗುತ್ತದೆ. ಇನ್ನೊಂದು, ಗಿರಾಕಿಯ ಕಡೆಯಿಂದ: ಸಿದ್ಧಮಾಲು ಇಲ್ಲಿಗೆ ಬರುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ನಡುವೆ ಏನಾಯಿತೆಂಬುದು ಈ ಲೇಖನದ ಮುಖ್ಯ ವಿಷಯ.

ಮೆಣಸಿನಕಾಯಿ ಮತ್ತು ತುಟಿಯ ಬಣ್ಣ

"ನಮ್ಮ ಬ್ಯಾಡಗಿ ಕಾಯಿಂದನ ಲಿಪ್‌ಸ್ಟಿಕ್ ಮಾಡ್ತಾರ" ಎಂಬ ಮಾತನ್ನು ಈ ಭಾಗದಲ್ಲಿ ಕೇಳದವರಿಲ್ಲ. ಶಾಲೆಯ ಮಾಸ್ತರರಿಂದ ಹಿಡಿದು ಮಂತ್ರಿಗಳ ಭಾಷಣದವರೆಗೆ ಅದು ಹರಡಿದೆ. ಮಾತಿಗೆ ಆಧಾರವಿದೆ, ಆದರೆ ಹೇಳುವಷ್ಟು ನೇರವಾಗಿಲ್ಲ.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ. ಡಬ್ಬಿ ಗಿಡ್ಡ, ದಪ್ಪ, ಮೈತುಂಬ ನಿರಿಗೆ, ಬೀಜ ಹೆಚ್ಚು. ಕಡ್ಡಿ ಉದ್ದ, ತೆಳ್ಳಗೆ, ಬೀಜ ಕಡಿಮೆ. ಎರಡರಲ್ಲೂ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. ಖಾರ ಕೊಡುವ ಕ್ಯಾಪ್ಸೈಸಿನ್ ಇರುವುದು ಬೀಜದಲ್ಲೆಂದು ಬಹಳ ಜನ ತಿಳಿದಿದ್ದಾರೆ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ ಅದು ತುಂಬಿರುತ್ತದೆ. ಬಣ್ಣ ಕೊಡುವ ಕ್ಯಾಪ್ಸಾಂಥಿನ್ ಮತ್ತು ಕ್ಯಾಪ್ಸೊರೂಬಿನ್ ಸಿಪ್ಪೆಯಲ್ಲಿರುತ್ತವೆ. ಗಜ್ಜರಿಗೆ ಬಣ್ಣ ಕೊಡುವ ಕೆರೋಟಿನ್‌ನ ಬಳಗದವೇ ಇವೂ. ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ಕೂಡಲೇ ಎಣ್ಣೆ ಕೆಂಪಾಗುವುದಕ್ಕೆ ಇದೇ ಕಾರಣ.

ಕಾರ್ಖಾನೆಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ಕೆಲಸ, ದೊಡ್ಡ ಪ್ರಮಾಣದಲ್ಲಿ. ಕಾಯಿಯ ತುಂಬು ಬಿಡಿಸಿ, ಪುಡಿ ಮಾಡಿ, ಹೆಕ್ಸೇನ್, ಅಸಿಟೋನ್ ಮೊದಲಾದ ದ್ರಾವಕಗಳಲ್ಲಿ ನೆನೆಸಿ, ಆಮೇಲೆ ದ್ರಾವಕವನ್ನು ಆವಿ ಮಾಡಿ ತೆಗೆದರೆ ಗಟ್ಟಿಯಾದ ಕಡುಗೆಂಪು ರಸ ಉಳಿಯುತ್ತದೆ. ಇದೇ ಓಲಿಯೊರೆಸಿನ್. ಒಂದು ಟನ್ ಕಾಯಿಗೆ ಸುಮಾರು 50 ಲೀಟರ್ ಬರುತ್ತದೆಂಬುದು ವ್ಯಾಪಾರದಲ್ಲಿ ರೂಢಿಯಲ್ಲಿರುವ ಲೆಕ್ಕ. ಈ ಉದ್ಯಮದ ದೊಡ್ಡ ಕೇಂದ್ರ ಕೇರಳದ ಕೊಚ್ಚಿಯ ಸುತ್ತಮುತ್ತ ಇದೆ. ಬಣ್ಣದ ಗಾಢತೆಯನ್ನು ಆಸ್ಟಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಹೆಸರಿನ ಮೊದಲಕ್ಷರಗಳು ಅವು. ಬಿಸಿಲು ಮತ್ತು ಸೆಕೆಗೆ ಈ ಬಣ್ಣ ಇಳಿಯುತ್ತ ಹೋಗುತ್ತದೆ. ಬ್ಯಾಡಗಿಯ ಸುತ್ತ ಶೀತಲಗೃಹಗಳು ಎದ್ದು ನಿಂತಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಲಿಪ್‌ಸ್ಟಿಕ್. ಓಲಿಯೊರೆಸಿನ್‌ನ ಬಹುಪಾಲು ಹೋಗುವುದು ಮಾಂಸ, ಸಾಸ್, ಕುರುಕಲು ತಿಂಡಿ, ಮಸಾಲೆಗಳ ಬಣ್ಣಕ್ಕೆ. ಯುರೋಪಿನಲ್ಲಿ ಸೌಂದರ್ಯವರ್ಧಕಗಳಿಗೆ ಬಳಸಬಹುದಾದ ಬಣ್ಣಗಳ ಪಟ್ಟಿಯಲ್ಲಿ ಕ್ಯಾಪ್ಸಾಂಥಿನ್ ಇದೆ. ಅಮೆರಿಕದಲ್ಲಿ ಅದನ್ನು ಆಹಾರದ ಬಣ್ಣವಾಗಿ ಒಪ್ಪಿದ್ದಾರೆ, ಸೌಂದರ್ಯವರ್ಧಕದ ಬಣ್ಣವಾಗಿ ಒಪ್ಪಿಲ್ಲ. ಅದರ ಬಣ್ಣ ಕಿತ್ತಳೆ ಕಡೆಗೆ ವಾಲುವ ಕೆಂಪು, ಬೆಳಕಿಗೆ ಬೇಗ ಮಾಸುತ್ತದೆ. ಆದ್ದರಿಂದ ಪೇಟೆಯ ಬಹುತೇಕ ಲಿಪ್‌ಸ್ಟಿಕ್‌ಗಳ ಕೆಂಪು ಬೇರೆ ಕಡೆಯದು. ಡಬ್ಬಿಯ ಹಿಂಬದಿಯಲ್ಲಿ ಸಿಐ 15850 ಎಂದಿದ್ದರೆ ಅದು ಸಂಶ್ಲೇಷಿತ ಬಣ್ಣ. ಸಿಐ 77491 ಎಂದರೆ ಕೆಂಪು ಕಬ್ಬಿಣದ ಆಕ್ಸೈಡ್, ಕೆಮ್ಮಣ್ಣಿನ ಬಣ್ಣವೇ. ಸಿಐ 75470 ಎಂದರೆ ಕಾರ್ಮೈನ್. ಕಳ್ಳಿಯ ಮೇಲೆ ಬದುಕುವ ಕೋಚಿನೀಲ್ ಎಂಬ ಕೀಟವನ್ನು ಒಣಗಿಸಿ ಅರೆದು ತೆಗೆದದ್ದು. ಕಾರ್ಮೈನ್ ನೈಸರ್ಗಿಕ ಹೌದು. ಮನೆಯಲ್ಲಿ ತತ್ತಿಯನ್ನೂ ಮುಟ್ಟದ ಶಾಕಾಹಾರಿಗಳು ನ್ಯಾಚುರಲ್ ಎಂಬ ಒಂದು ಮಾತನ್ನು ನಂಬಿ ಅದನ್ನು ತುಟಿಗೆ ಹಚ್ಚಿಕೊಳ್ಳುತ್ತಿರಬಹುದು. ಮೆಣಸಿನಕಾಯಿಯ ಬಣ್ಣ ಅಥವಾ ಸಾರ ನಿಜವಾಗಿ ಇದ್ದರೆ ಪಟ್ಟಿಯಲ್ಲಿ ಕ್ಯಾಪ್ಸಿಕಂ ಎಂಬ ಹೆಸರೋ ಕ್ಯಾಪ್ಸಾಂಥಿನ್ ಎಂಬ ಹೆಸರೋ ಇರುತ್ತದೆ. ಅದಿಲ್ಲದ ಲಿಪ್‌ಸ್ಟಿಕ್ಕನ್ನು ಬ್ಯಾಡಗಿಯ ಹೆಮ್ಮೆಗೆ ಸೇರಿಸುವುದು ಬೇಡ.

ಇಲ್ಲಿ ಇನ್ನೊಂದು ತೊಡಕಿದೆ. ಮೆಣಸಿನಕಾಯಿ ಹೆಚ್ಚು ಔಷಧ ಬೇಡುವ ಬೆಳೆ. ಎಲೆ ಮುಟುರು, ಥ್ರಿಪ್ಸ್, ನುಶಿಗಳ ಕಾಟಕ್ಕೆ ರೈತರು ಮೇಲಿಂದ ಮೇಲೆ ಸಿಂಪಡಿಸುತ್ತಾರೆ. 2021ರಲ್ಲಿ ಹೊಸ ಜಾತಿಯ ಥ್ರಿಪ್ಸ್ ದಕ್ಷಿಣ ಭಾರತದ ಮೆಣಸಿನ ಹೊಲಗಳನ್ನು ಹೊಕ್ಕ ಮೇಲೆ ಸಿಂಪಡಣೆ ಇನ್ನೂ ಹೆಚ್ಚಿತು. ಕಾಯಿಯ ಎಣ್ಣೆಯಂಶ ಸಾಂದ್ರವಾದಂತೆ ಎಣ್ಣೆಯಲ್ಲಿ ಕರಗುವ ಕೀಟನಾಶಕದ ಉಳಿಕೆಯೂ ಸಾಂದ್ರವಾಗುತ್ತದೆ. ಒಂದು ವೇಳೆ ಕಾಯಿ ಸಾವಯವವಾಗಿಯೇ ಬೆಳೆದಿದ್ದರೂ ಹೆಕ್ಸೇನ್‌ನಲ್ಲಿ ತೆಗೆದ ಸಾರಕ್ಕೆ ಯುರೋಪಿನ ಸಾವಯವ ಪ್ರಮಾಣಪತ್ರ ಸಿಗುವುದಿಲ್ಲ. ಒತ್ತಡದ ಇಂಗಾಲದ ಡೈಆಕ್ಸೈಡ್‌ನಲ್ಲಿ ತೆಗೆದದ್ದಕ್ಕೆ ಸಿಗುತ್ತದೆ, ಅದು ದುಬಾರಿ. ಹೊಲದಿಂದ ಪ್ರಸಾಧನದ ಡಬ್ಬಿಯವರೆಗೆ ಸಾವಯವ ಎಂಬುದು ಒಂದೇ ಕಡೆ ಕಡಿದರೂ ಇಡೀ ಸರಪಳಿ ಕಡಿದಂತೆ.

ಬ್ಯಾಡಗಿ ಮಾರುಕಟ್ಟೆಗೆ ಈಗ ಬರುವ ಕಾಯಿಯೆಲ್ಲ ಸುತ್ತಲಿನ ಎರೆಹೊಲದ್ದೂ ಅಲ್ಲ. ಬಳ್ಳಾರಿ, ರಾಯಚೂರು, ಆಂಧ್ರಪ್ರದೇಶದ ಕಡೆಯ ಹೈಬ್ರಿಡ್ ಕಾಯಿ ಲಾರಿಗಟ್ಟಲೆ ಬಂದು ಇಲ್ಲಿ ಟೆಂಡರಿಗೆ ಕೂಡುತ್ತದೆ. ಬ್ಯಾಡಗಿಯಲ್ಲಿ ಮಾರಾಟವಾದದ್ದೆಲ್ಲ ಬ್ಯಾಡಗಿ ಕಾಯಿ ಎಂದು ಊರಿನ ಯಾವ ದಲಾಲರೂ ಹೇಳುವುದಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾರೆ, ಕಾಯಿ ಮುರಿದು ನೋಡುತ್ತಾರೆ, ಬೀಜದ ಸಪ್ಪಳ ಕೇಳುತ್ತಾರೆ, ನಿರಿಗೆ ಎಣಿಸುವಂತೆ ದಿಟ್ಟಿಸುತ್ತಾರೆ, ಬಿಳಚಿಕೊಂಡ ಕಾಯಿ ಎಷ್ಟಿದೆಯೆಂದು ಬೆರಳಲ್ಲೇ ಕೆದಕುತ್ತಾರೆ. ಆಮೇಲೆ ದರ. ಇಷ್ಟು ನೋಡಿ ಕೊಳ್ಳುವ ಊರಿನಲ್ಲೇ ಮುನ್ನೂರು ರೂಪಾಯಿಯ ಕ್ರೀಮನ್ನು ಎಲೆಯ ಚಿತ್ರ ನೋಡಿ ಕೊಳ್ಳುತ್ತಾರೆಂಬುದು ವಿಚಿತ್ರವೇ.

ಕಾನೂನು ಏನು ಹೇಳುತ್ತದೆ

ಭಾರತದಲ್ಲಿ ಸೌಂದರ್ಯವರ್ಧಕಗಳು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯ ಕೆಳಗೆ ಬರುತ್ತವೆ. 2020ರ ಡಿಸೆಂಬರ್‌ನಲ್ಲಿ ಇವುಗಳಿಗೇ ಪ್ರತ್ಯೇಕ ನಿಯಮಗಳು ಜಾರಿಯಾದವು. ತಯಾರಿಸಲು ಪರವಾನಗಿ ಬೇಕು; ಲೇಬಲ್ಲಿನ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಬಳಸಬೇಕಾದ ಅವಧಿ ಇರಬೇಕು. ಆದರೆ ಈ ಸಾಮಗ್ರಿಗಳ ಮಟ್ಟಿಗೆ ಸಾವಯವ ಎಂದರೆ ಎಷ್ಟು ಪಾಲು, ಯಾರು ಪರೀಕ್ಷಿಸಬೇಕು ಎಂಬ ಕಡ್ಡಾಯ ವ್ಯಾಖ್ಯಾನ ನಮ್ಮಲ್ಲಿಲ್ಲ.

ಆಹಾರದ ಮಾತು ಬೇರೆ. ಸಾವಯವ ಆಹಾರಕ್ಕೆ 2017ರ ನಿಯಮಗಳಿವೆ, ಜೈವಿಕ ಭಾರತ್ ಎಂಬ ಗುರುತಿದೆ. ಅದರ ಹಿಂದೆ 2001ರಲ್ಲಿ ಶುರುವಾದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ ಒಂದು ಕಡೆ, ರೈತರ ಗುಂಪುಗಳೇ ಪರಸ್ಪರ ಪರಿಶೀಲಿಸುವ ಪಿಜಿಎಸ್ ಪದ್ಧತಿ ಇನ್ನೊಂದು ಕಡೆ. ವಾರ್ಷಿಕ ಬೆಳೆಯ ಹೊಲ ಸಾವಯವ ಎನಿಸಿಕೊಳ್ಳಲು ಎರಡು ವರ್ಷದ ಪರಿವರ್ತನೆಯ ಕಾಲ ಬೇಕು, ಬಹುವಾರ್ಷಿಕ ಬೆಳೆಗೆ ಮೂರು. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ.

ಹೀಗಾಗಿ ಒಂದು ವಿಚಿತ್ರ ಪರಿಸ್ಥಿತಿ ಇದೆ. ತಿನ್ನುವ ಕೊಬ್ಬರಿ ಎಣ್ಣೆಯ ಬಾಟಲಿಯ ಮೇಲೆ ಸಾವಯವ ಎಂದಿದ್ದರೆ ಅದನ್ನು ಕಾನೂನು ಹಿಡಿದು ಕೇಳಬಲ್ಲದು. ಹಚ್ಚುವ ಕ್ರೀಮಿನ ಮೇಲೆ ಅದೇ ಮಾತಿದ್ದರೆ ಅಷ್ಟು ನೇರವಾಗಿ ಕೇಳಲಾಗದು. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ಖಾದ್ಯವೋ ಕೇಶತೈಲವೋ ಎಂಬ ತೆರಿಗೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2024ರ ಡಿಸೆಂಬರ್‌ನಲ್ಲಿ, ಕೇಶತೈಲವೆಂದು ಹೇಳಿ ಮಾರದ ಮೇಲೆ ಅದು ಖಾದ್ಯ ಎಣ್ಣೆಯೇ ಎಂದು ತೀರ್ಮಾನವಾಯಿತು. ಅಡುಗೆಮನೆಗೂ ಬಚ್ಚಲುಮನೆಗೂ ನಡುವಿನ ಗೋಡೆ ಎಷ್ಟು ತೆಳ್ಳಗಿದೆ ಎಂಬುದಕ್ಕೆ ಇದು ಸಾಕ್ಷಿ. ಗಿರಾಕಿಗೆ ಇದರಿಂದ ಸಿಗುವ ಪ್ರಯೋಜನ ದೊಡ್ಡದು: ಮೈಗೆ ಹಚ್ಚಲು ಸಾವಯವವೇ ಬೇಕೆನ್ನುವವರು ಜೈವಿಕ ಭಾರತ್ ಗುರುತಿನ ಖಾದ್ಯ ಎಣ್ಣೆ, ಹಿಟ್ಟು, ಅರಿಷಿಣಗಳನ್ನು ಕೊಂಡರೆ ಕೊಟ್ಟ ಹಣಕ್ಕೆ ಕಾನೂನಿನ ಬಲವೂ ಸೇರಿರುತ್ತದೆ.

ಕ್ರೀಮು, ಲೋಷನ್‌ಗಳಿಗೆ ಬೇಕಾದರೆ ಹೊರದೇಶದ ಖಾಸಗಿ ಪ್ರಮಾಣಪತ್ರಗಳೇ ಗತಿ. ಇಕೋಸರ್ಟ್, ಸಾಯಿಲ್ ಅಸೋಸಿಯೇಷನ್ ಸೇರಿದಂತೆ ಯುರೋಪಿನ ಐದು ಸಂಸ್ಥೆಗಳು ಕೂಡಿ ರೂಪಿಸಿದ ಕಾಸ್ಮಾಸ್ ಮಾನದಂಡ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರ ಪ್ರಕಾರ, ಒತ್ತಿ, ಅರೆದು, ಒಣಗಿಸಿ ತೆಗೆದ ಸಸ್ಯಮೂಲದ ಪದಾರ್ಥಗಳಲ್ಲಿ ಕನಿಷ್ಠ ಶೇ. 95 ಪಾಲು ಸಾವಯವ ಆಗಿರಬೇಕು. ಇಡೀ ಉತ್ಪನ್ನದ ತೂಕದಲ್ಲಿ ಕನಿಷ್ಠ ಶೇ. 20, ಹಚ್ಚಿ ತೊಳೆಯುವ ಶಾಂಪೂವಿನಂಥವುಗಳಲ್ಲಿ ಶೇ. 10. ಶೇ. 20 ಎಂದರೆ ಇಷ್ಟೇಯೇ ಎನ್ನಿಸುತ್ತದೆ. ನೀರನ್ನು ಯಾರೂ ಸಾವಯವವಾಗಿ ಬೆಳೆಯುವುದಿಲ್ಲ, ಕ್ರೀಮಿನಲ್ಲಿ ಮುಕ್ಕಾಲು ನೀರೇ. ಅದಕ್ಕಾಗಿ ಈ ಲೆಕ್ಕ. ನೂರಕ್ಕೆ ನೂರು ಆರ್ಗ್ಯಾನಿಕ್ ಎಂದು ಬರೆದುಕೊಂಡ ಲೋಷನ್ ಕಂಡರೆ ಅದರೊಳಗಿನ ನೀರು ಯಾವ ಹೊಲದ್ದೆಂದು ಕೇಳಬಹುದು.

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ನೈಸರ್ಗಿಕ, ಸಾವಯವ, ಶುದ್ಧ ಮೊದಲಾದ ಮಾತುಗಳನ್ನು ಆಧಾರವಿಲ್ಲದೆ ಬಳಸಬಾರದೆಂದು ಹೇಳಿವೆ. ಪೇಟೆಯ ಡಬ್ಬಿಗಳ ಮೇಲೆ ಅವುಗಳ ಪರಿಣಾಮ ಇನ್ನೂ ಕಣ್ಣಿಗೆ ಬೀಳುವಷ್ಟಾಗಿಲ್ಲ.

ಆಯುರ್ವೇದಿಕ್ ಎಂಬುದು ಇದೇ ಕಾಯಿದೆಯ ಬೇರೆ ಅಧ್ಯಾಯಕ್ಕೆ ಸೇರುತ್ತದೆ. ಅಲ್ಲಿ ಪ್ರತಿ ಮೂಲಿಕೆಯ ಹೆಸರನ್ನೂ ಪ್ರಮಾಣವನ್ನೂ ಬರೆಯಬೇಕು. ಓದುವವರಿಗೆ ಇದು ಅನುಕೂಲ. ಮೂಲಿಕೆಯನ್ನು ಹೇಗೆ ಬೆಳೆದರೆಂಬುದು ಮಾತ್ರ ಅದರಿಂದ ತಿಳಿಯದು.

ಮನೆಯ ಸಾಮಗ್ರಿ

ಈ ಸೀಮೆಯಲ್ಲಿ ಮೈ ಕಾಯುವ ಪದಾರ್ಥಗಳು ಅಡುಗೆಮನೆಯಿಂದಲೂ ಹಿತ್ತಲಿನಿಂದಲೂ ಬಂದವು. ಮೈ ತಿಕ್ಕಲು ಕಡಲೆಹಿಟ್ಟು, ಹೆಸರುಹಿಟ್ಟು. ತಲೆಗೆ ಸೀಗೆಕಾಯಿ, ಅಂಟುವಾಳ. ಕೂದಲಿಗೆ ಕೊಬ್ಬರಿ ಎಣ್ಣೆ, ಔಡಲೆಣ್ಣೆ. ಕೂಸಿನ ಮೈಗೆ ಎಣ್ಣೆ, ಕಣ್ಣಿಗೆ ಕಾಡಿಗೆ. ಮದುವೆಗೆ ಅರಿಷಿಣ ಹಚ್ಚಿ ಸುರಗಿ ನೀರು. ಚಳಿಗಾಲದ ಒಣಗಾಳಿಗೆ ಹಿಮ್ಮಡಿ ಬಿರಿದಾಗ ಹಾನಗಲ್ಲಿನಾಚೆಯ ಶಿರಸಿ ಸೀಮೆಯಿಂದ ಬರುವ ಮುರುಗಲ ಎಣ್ಣೆ. ಹೆಸರಿಗೆ ಎಣ್ಣೆ, ಕೈಗೆ ಸಿಗುವುದು ಮಾತ್ರ ಗಟ್ಟಿ ಉಂಡೆ. ಹಿಡಿದುಕೊಂಡಿದ್ದರೆ ಮೈಯ ಕಾವಿಗೆ ಕರಗಲು ತೊಡಗುತ್ತದೆ, ಬಿರುಕಿನೊಳಗೆ ತುಂಬಿಕೊಂಡು ಮತ್ತೆ ಹೆಪ್ಪುಗಟ್ಟುತ್ತದೆ. ಪೇಟೆಯ ದುಬಾರಿ ಬಾಡಿ ಬಟರ್‌ಗಳ ಪಟ್ಟಿಯಲ್ಲಿ ಕೋಕಂ ಬಟರ್ ಎಂದು ಕಾಣುವುದು ಇದೇ.

ಇವುಗಳ ದೊಡ್ಡ ಗುಣವೊಂದಿದೆ: ನೀರಿಲ್ಲ. ಎಣ್ಣೆ, ಹಿಟ್ಟು, ಒಣಪುಡಿಗಳಲ್ಲಿ ಬೂಷ್ಟು ಮತ್ತು ಸೂಕ್ಷ್ಮಾಣುಗಳು ಸುಲಭಕ್ಕೆ ಬೆಳೆಯವು, ಆದ್ದರಿಂದ ಕೆಡದಂತಿಡುವ ರಾಸಾಯನಿಕವೂ ಬೇಡ. ಕ್ರೀಮಿಗೂ ಜೆಲ್ಲಿಗೂ ಈ ಭಾಗ್ಯವಿಲ್ಲ. ಲೋಳೆಸರದ ತಿರುಳನ್ನು ಮನೆಯಲ್ಲೇ ಕಿವುಚಿ ಬಾಟಲಿಗೆ ತುಂಬಿಟ್ಟರೆ ಹಾವೇರಿಯ ಬೇಸಿಗೆಯಲ್ಲಿ ಎರಡು ದಿನಕ್ಕೆ ಹುಳಿವಾಸನೆ ಬರುತ್ತದೆ. ಪಟ್ಟಿಯ ಮೊದಲ ಹೆಸರು ನೀರಾಗಿದ್ದೂ ಪ್ರಿಸರ್ವೇಟಿವ್ ಇಲ್ಲವೆಂದು ಹೇಳಿಕೊಳ್ಳುವ, ವರ್ಷಗಟ್ಟಲೆ ಬಾಳುವ ಕ್ರೀಮನ್ನು ಕಂಡರೆ ಅನುಮಾನಪಡಬೇಕು: ಹೇಳುತ್ತಿರುವುದು ಸುಳ್ಳಿರಬೇಕು, ಇಲ್ಲವೆ ಒಳಗೆ ಸೂಕ್ಷ್ಮಾಣು ಬೆಳೆಯುತ್ತಿರಬೇಕು. ಸಾವಯವ ಮಾನದಂಡಗಳೇ ಸೋರ್ಬೇಟ್, ಬೆಂಜೋಯೇಟ್‌ಗಳಂಥ ಕೆಲವು ಸಂರಕ್ಷಕಗಳನ್ನು ಒಪ್ಪುತ್ತವೆ.

ಅರಿಷಿಣದ ಬಗ್ಗೆ ಎರಡು ಮಾತು. ಒಳ್ಳೆಯ ಅರಿಷಿಣದ ಕಲೆಯಾದ ಬಟ್ಟೆಗೆ ಸಾಬೂನು ಹಚ್ಚಿದರೆ ಕಲೆ ಕೆಂಪಾಗುವುದನ್ನು ಒಗೆಯುವ ಎಲ್ಲರೂ ಕಂಡಿದ್ದಾರೆ. ಕ್ಷಾರ ತಾಗಿದರೆ ಅರಿಷಿಣದ ಹಳದಿ ಕೆಂಪಿಗೆ ತಿರುಗುತ್ತದೆ. ಹಳೆಯ ಕಾಲದ ಕುಂಕುಮವೂ ಇದೇ: ಅರಿಷಿಣಕ್ಕೆ ಸುಣ್ಣ ಸೇರಿಸಿ ಮಾಡಿದ್ದು. ಜಾತ್ರೆಯಲ್ಲಿ ಗುಡ್ಡೆ ಹಾಕಿ ಮಾರುವ ಕಣ್ಣು ಕುಕ್ಕುವ ಕುಂಕುಮದಲ್ಲಿ ಹೆಚ್ಚಾಗಿ ಇರುವುದು ಸಂಶ್ಲೇಷಿತ ಬಣ್ಣ. ಬಿಡಿ ಅರಿಷಿಣದ ಪುಡಿಗೆ ಮೆಟಾನಿಲ್ ಹಳದಿ, ಸೀಸದ ಕ್ರೋಮೇಟ್ ಬೆರೆಸುವುದು ಹಳೆಯ ಕಲಬೆರಕೆ. ಮುಖಕ್ಕೆ ಹಚ್ಚುವ ಅರಿಷಿಣಕ್ಕಾದರೂ ಕೊಂಬು ತಂದು ಕುಟ್ಟಿಕೊಳ್ಳುವುದು, ಇಲ್ಲವೆ ಅಗ್‌ಮಾರ್ಕ್ ಗುರುತಿನದನ್ನು ಕೊಳ್ಳುವುದು ಉತ್ತಮ.

ಮೆಹಂದಿ ಕೂಡ ಹೀಗೆಯೇ. ಗೋರಂಟಿ ಎಲೆಯ ಬಣ್ಣ ಕಿತ್ತಳೆ, ಕೆಂಪು, ಕಂದು, ಎಂದಿಗೂ ಕಪ್ಪಾಗದು. ಹತ್ತೇ ನಿಮಿಷದಲ್ಲಿ ಕಪ್ಪು ಬರುವ ಬ್ಲ್ಯಾಕ್ ಮೆಹಂದಿಯಲ್ಲಿ ಹೇರ್ ಡೈನ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೈ ಗುಳ್ಳೆಯೆದ್ದು ಸುಟ್ಟಂತಾಗುವುದುಂಟು. ಒಮ್ಮೆ ಪಿಪಿಡಿಗೆ ಅಲರ್ಜಿ ಬಂದರೆ ಜನ್ಮಪೂರ್ತಿ ಉಳಿಯುತ್ತದೆ.

ಸಾಬೂನಿನ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡಲು ಕಾರಣವಿದೆ. ಮೈಸೂರಿನಲ್ಲಿ 1916ರಲ್ಲಿ ಸರ್ಕಾರಿ ಶ್ರೀಗಂಧದ ಎಣ್ಣೆ ಕಾರ್ಖಾನೆ ಶುರುವಾಗಿ, ಮುಂದೆ ಅದೇ ಎಣ್ಣೆಯ ಮೈಸೂರ್ ಸ್ಯಾಂಡಲ್ ಸೋಪು ಬಂದಿತು. ಅದಕ್ಕೂ ಭೌಗೋಳಿಕ ಸೂಚಿ ಇದೆ. ಸೋಪು ಕೊಳ್ಳುವಾಗ ನೋಡಬೇಕಾದ ಒಂದೇ ಅಂಕಿ ಟಿಎಫ್‌ಎಂ, ಅಂದರೆ ಕೊಬ್ಬಿನಂಶ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಗೆ ಕನಿಷ್ಠ ಶೇ. 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60. ಬೇಥಿಂಗ್ ಬಾರ್ ಎಂದು ಬರೆದಿದ್ದರೆ 40ಕ್ಕೂ ಇಳಿಯಬಹುದು. ಎಲೆಯ ಚಿತ್ರವಿರುವ ಎಷ್ಟೋ ಸೋಪುಗಳು ಈ ಕೊನೆಯ ಗುಂಪಿನವು.

ಗಿಡದ್ದಾದರೂ ಕಾಟ ಕೊಡಬಹುದು

ಹೊಲದ ಬದುವಿನಲ್ಲಿ, ರೈಲುಹಳಿಯ ಪಕ್ಕದಲ್ಲಿ ಬೆಳೆಯುವ ಕಾಂಗ್ರೆಸ್ ಕಸ ಕೂಡ ನೂರಕ್ಕೆ ನೂರು ನೈಸರ್ಗಿಕ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗಮನಕ್ಕೆ ಬಂದ ಈ ಪಾರ್ಥೇನಿಯಂ ಇಂದು ಉತ್ತರ ಕರ್ನಾಟಕದ ರೈತರ ಚರ್ಮರೋಗಗಳ ದೊಡ್ಡ ಕಾರಣಗಳಲ್ಲಿ ಒಂದು. ಗಾಳಿಯಲ್ಲಿ ತೂರಿಬರುವ ಅದರ ಕಣಗಳು ಕುತ್ತಿಗೆ, ಕಣ್ಣಿನ ರೆಪ್ಪೆ, ಮೊಣಕೈಯ ಒಳಬದಿಯನ್ನು ಕೆರೆತಕ್ಕೆ ಈಡುಮಾಡಿ ವರ್ಷಗಳು ಕಳೆದಂತೆ ಚರ್ಮವನ್ನು ಆನೆಚರ್ಮದಂತೆ ದಪ್ಪಗಾಗಿಸುತ್ತವೆ. ಈ ಅಲರ್ಜಿ ಇದ್ದವರಿಗೆ ಸೇವಂತಿಗೆಯೂ ಆಗದಿರಬಹುದು, ಏಕೆಂದರೆ ಎರಡೂ ಒಂದೇ ಕುಟುಂಬದವು. ಕ್ಯಾಮೊಮೈಲ್ ಕೂಡ ಅದೇ ಕುಟುಂಬದ್ದು. ಸೂಕ್ಷ್ಮ ಚರ್ಮಕ್ಕೆಂದೇ ಮಾರುವ ಕ್ಯಾಮೊಮೈಲ್ ಕ್ರೀಮು ರಾಣೆಬೆನ್ನೂರಿನ ಹೊಲದಲ್ಲಿ ಕಳೆ ಕಿತ್ತ ಹೆಂಗಸಿಗೆ ಉರಿ ತರಬಹುದು. ಯುರೋಪಿನ ಗಿರಾಕಿಗೆ ಬರೆದ ಸಲಹೆಯನ್ನು ಇಲ್ಲಿ ಹಾಗೆಯೇ ಒಪ್ಪಲಾಗದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಕಪ್ಪುಗಟ್ಟುತ್ತದೆ, ಗುಳ್ಳೆಯೂ ಏಳಬಹುದು. ಸುಗಂಧ ತೈಲಗಳ ಲಿನಲೂಲ್, ಲಿಮೊನೀನ್‌ಗಳು ಹಳೆಯದಾದಂತೆ ಅಲರ್ಜಿ ತರುವ ಗುಣ ಪಡೆಯುತ್ತವೆ. ಮೊಡವೆಯ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರೆ ಮೊಡವೆ ಹೆಚ್ಚಬಹುದು. ಟಿಕಳಿಯ ಹಿಂದಿನ ಅಂಟಿನಲ್ಲಿರುವ ಒಂದು ಫೀನಾಲ್ ಪದಾರ್ಥ ಹಣೆಯ ಮೇಲೆ ಬಿಳಿಮಚ್ಚೆ ಮೂಡಿಸುವುದು ಚರ್ಮವೈದ್ಯರಿಗೆ ಚೆನ್ನಾಗಿ ಗೊತ್ತು. ಅಂಥವರಿಗೆ ಒಳ್ಳೆಯ ಕುಂಕುಮವೇ ಲೇಸು.

ಯಾವುದೇ ಹೊಸ ಸಾಮಗ್ರಿಯನ್ನು ಮುಂಗೈಯ ಒಳಬದಿಯಲ್ಲಿ ದಿನಕ್ಕೆ ಎರಡು ಸಲದಂತೆ ವಾರವಿಡೀ ಒಂದೇ ಜಾಗಕ್ಕೆ ಹಚ್ಚಿ ನೋಡುವುದು ಚರ್ಮವೈದ್ಯರು ಹೇಳುವ ಪರೀಕ್ಷೆ. ಒಂದೇ ರಾತ್ರಿಯ ಪರೀಕ್ಷೆ ಸಾಲದು, ಅಲರ್ಜಿ ನಿಧಾನಕ್ಕೆ ಬರುತ್ತದೆ.

ಮೆಣಸಿನಕಾಯಿಯ ತುಂಬು ಬಿಡಿಸುವ ಹೆಂಗಸರ ಕೈ ನೋಡಿದವರಿಗೆ ಇಷ್ಟೆಲ್ಲ ವಿವರಣೆ ಬೇಕಿಲ್ಲ. ಬ್ಯಾಡಗಿಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಕಾಯಿಯ ರಾಶಿಯ ಮುಂದೆ ಸಾಲಾಗಿ ಕುಳಿತು, ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ಅವರು ದಿನವಿಡೀ ಬೆರಳಲ್ಲೇ ತೊಟ್ಟು ಮುರಿಯುತ್ತಾರೆ. ಖಾರ ಕಡಿಮೆಯ ಕಾಯಿಯಾದರೂ ಸಂಜೆಯ ಹೊತ್ತಿಗೆ ಬೆರಳ ತುದಿ ಉರಿಯುತ್ತದೆ. ಬರೀ ನೀರಿನಲ್ಲಿ ತೊಳೆದರೆ ಉರಿ ಹೋಗದು, ಕ್ಯಾಪ್ಸೈಸಿನ್ ನೀರಿಗೆ ಬಿಡುವುದಿಲ್ಲ. ಮೊದಲು ಅಡುಗೆಯ ಎಣ್ಣೆ ತಿಕ್ಕಿ, ಆಮೇಲೆ ಸಾಬೂನಿನಲ್ಲಿ ತೊಳೆದರೆ ಇಳಿಯುತ್ತದೆ. ಲಿಪ್‌ಸ್ಟಿಕ್ಕಿನ ಕಥೆ ಹೇಳುವವರು ಈ ಕೈಗಳ ಕಥೆಯನ್ನು ಬಿಟ್ಟುಬಿಡುತ್ತಾರೆ.

ಬಿಳುಪಿನ ಆಸೆ

ಈ ಪೇಟೆಗಳಲ್ಲಿ ಹರ್ಬಲ್ ಎಂಬ ಹೆಸರಿನಲ್ಲಿ ಅತಿ ಹೆಚ್ಚು ಮೋಸ ನಡೆಯುವುದು ಮುಖ ಬೆಳ್ಳಗಾಗಿಸುವ ಕ್ರೀಮುಗಳಲ್ಲಿ. ಹದಿನೈದು ದಿನಕ್ಕೆ ಮುಖದ ಬಣ್ಣ ಬದಲಾದರೆ ಅದರಲ್ಲಿ ಎರಡರಲ್ಲೊಂದು ಇರುವ ಸಂಭವ ಹೆಚ್ಚು: ಪಾದರಸ ಅಥವಾ ಸ್ಟಿರಾಯ್ಡ್. ಪಾದರಸ ಮೂತ್ರಪಿಂಡಕ್ಕೆ ಕುತ್ತು. 2020ರ ನಿಯಮಗಳು ಕಣ್ಣಿನ ಸಾಮಗ್ರಿ ಬಿಟ್ಟು ಉಳಿದ ಸೌಂದರ್ಯವರ್ಧಕಗಳಲ್ಲಿ ಹತ್ತು ಲಕ್ಷಕ್ಕೆ ಒಂದು ಪಾ‌ಲಿಗಿಂತ ಹೆಚ್ಚು ಪಾದರಸವನ್ನು ಒಪ್ಪುವುದಿಲ್ಲ. ಅಷ್ಟೂ ಅರಿಯದೆ ಸೇರಿದ್ದಾಗಿರಬೇಕು. ಸ್ಟಿರಾಯ್ಡ್ ಕ್ರೀಮುಗಳು ಸೌಂದರ್ಯವರ್ಧಕಗಳೇ ಅಲ್ಲ, ಔಷಧಿ. 2018ರಲ್ಲಿ ಸರ್ಕಾರ ಹಚ್ಚುವ ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಬೇಕಾದ ಪಟ್ಟಿಗೆ ಸೇರಿಸಿತು. ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಹಚ್ಚಿದವರ ಮುಖ ತೆಳುವಾಗಿ, ನರ ಕಾಣಿಸಿ, ಬಿಟ್ಟ ಕೂಡಲೇ ಉರಿದು ಕೆಂಪಾಗುತ್ತದೆ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ.

ಬಿಸಿಲಿನ ಕ್ರೀಮಿನ ವಿಷಯದಲ್ಲಿ ಒಂದು ತಮಾಷೆ ಇದೆ. ಸನ್‌ಸ್ಕ್ರೀನ್ ತಜ್ಞರ ಭಾಷೆಯಲ್ಲಿ ಆರ್ಗ್ಯಾನಿಕ್ ಎಂದರೆ ಇಂಗಾಲದ ಸಂಯುಕ್ತಗಳ ರಾಸಾಯನಿಕ ಶೋಧಕ; ಸತು ಆಕ್ಸೈಡಿನದು ಇನಾರ್ಗ್ಯಾನಿಕ್. ಸಾವಯವ ಪ್ರಮಾಣಪತ್ರ ಸಿಗುವುದು ಈ ಇನಾರ್ಗ್ಯಾನಿಕ್‌ಗೆ. ಒಂದೇ ಮಾತು ಎರಡು ಕಡೆ ತಿರುಗಿ ನಿಂತ ನಿದರ್ಶನ.

ಡಬ್ಬಿಯ ಹಿಂಬದಿ

ಹಾವೇರಿಯ ಅಂಗಡಿಯೊಂದರಲ್ಲಿ ಕಿವಿಗೆ ಬಿದ್ದ ಮಾತು: "ಅಕ್ಕಾರ, ಇದು ಪೂರಾ ಆರ್ಗ್ಯಾನಿಕ್ ಐತ್ರೀ." ಕೊಳ್ಳಲು ಬಂದ ಹಿರಿಯರು ಡಬ್ಬಿ ತಿರುವಿ ಕೈಯಳತೆ ದೂರ ಹಿಡಿದು ಕಣ್ಣು ಕಿರಿದು ಮಾಡಿದರು. "ಹಿಂದ ಏನ ಬರದಾರೋ ತಮ್ಮಾ, ಅಕ್ಷರ ಇರಿವಿ ಹಂಗ ಅದಾವು, ನೀನ ಓದಿ ಹೇಳು." ಅಂಗಡಿಯವನು ಓದಲು ತೊಡಗಿದ, ಮೊದಲ ಹೆಸರು ನೀರು, ಎರಡನೆಯದು ಮಿನರಲ್ ಆಯಿಲ್. ಅಕ್ಕ ಡಬ್ಬಿ ಮರಳಿ ಕೊಟ್ಟರು. ಮಿನರಲ್ ಆಯಿಲ್ ಪೆಟ್ರೋಲಿಯಂನ ಕೂಸು. ಅಪಾಯಕಾರಿಯಲ್ಲ, ಸಾವಯವವಂತೂ ಅಲ್ಲ.

ಓದುವ ಕ್ರಮ ಇಷ್ಟು. ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಯದಕ್ಕೆ ಬರೆಯಬೇಕೆಂಬುದು ನಿಯಮ. ಅದಕ್ಕಿಂತ ಕಡಿಮೆಯವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಮುಂದೆ ದೊಡ್ಡದಾಗಿ ಕೇಸರಿಯ ಚಿತ್ರ ಹಾಕಿ, ಹಿಂದೆ ಸುಗಂಧ, ಸಂರಕ್ಷಕಗಳೆಲ್ಲ ಮುಗಿದ ಮೇಲೆ ಕೇಸರಿಯ ಹೆಸರು ಬಂದರೆ ಅದು ಚಮಚಕ್ಕೆ ಒಂದು ಎಸಳೂ ಇರಲಾರದು. ಮೊದಲ ಐದು ಹೆಸರು ಓದಿದರೆ ಡಬ್ಬಿಯ ಬಹುಪಾಲು ಓದಿದಂತೆ.

ಹಳ್ಳಿಯ ಕಿರಾಣಿ ಅಂಗಡಿಯ ಗಿರಾಕಿಗೆ ಇಲ್ಲೊಂದು ಅನ್ಯಾಯವಿದೆ. ದ್ರವವಾದರೆ 60 ಮಿಲಿ, ಗಟ್ಟಿಯಾದರೆ 30 ಗ್ರಾಂಗಿಂತ ಚಿಕ್ಕ ಪ್ಯಾಕಿಗೆ ಪದಾರ್ಥಗಳ ಪಟ್ಟಿಯಿಂದ ವಿನಾಯಿತಿ ಕೊಡಲಾಗಿದೆ. ದಾರದಲ್ಲಿ ಜೋತುಬಿದ್ದ ಒಂದೆರಡು ರೂಪಾಯಿಯ ಶಾಂಪೂ ಪಾಕೀಟು ಕೊಳ್ಳುವವರಿಗೆ ಒಳಗೇನಿದೆಯೆಂದು ತಿಳಿಯುವ ಹಕ್ಕು ದೊಡ್ಡ ಬಾಟಲಿ ಕೊಳ್ಳುವವರಿಗಿಂತ ಕಡಿಮೆ. ಈ ವಿನಾಯಿತಿಯನ್ನು ತೆಗೆಯುವುದು ಒಳ್ಳೆಯದು. ಅಕ್ಷರ ಹಿಡಿಸದಿದ್ದರೆ ಮಾಲೆಯ ರಟ್ಟಿನ ಮೇಲಾದರೂ ಅಚ್ಚುಹಾಕಬಹುದು.

ಸ್ವಸಹಾಯ ಸಂಘಗಳ ಮತ್ತು ಮನೆಯಲ್ಲೇ ಮಾಡುವವರ ಸೋಪು, ಎಣ್ಣೆಗಳು ಮೇಳಗಳಲ್ಲಿ ಈಗ ಹೆಚ್ಚು ಕಾಣಿಸುತ್ತವೆ. ಮಾರುವುದಾದರೆ ಇವಕ್ಕೂ ಲೈಸೆನ್ಸ್ ಬೇಕು. ಸಣ್ಣವರೆಂಬ ಕನಿಕರದಿಂದ ಲೈಸೆನ್ಸ್ ನಂಬರು ಕೇಳದೆ ಬಿಡುವುದಕ್ಕಿಂತ, ಕೇಳಿ, ಇಲ್ಲದಿದ್ದರೆ ಮಾಡಿಸಿಕೊಳ್ಳಲು ಹೇಳುವುದು ಅವರಿಗೂ ಉಪಕಾರ. ಸಂತೆಯಲ್ಲಿ ರೈತರೇ ನೇರವಾಗಿ ಮಾರುವ ಸಾವಯವ ಕಾಳು, ಎಣ್ಣೆಗೆ ವರ್ಷದ ವಹಿವಾಟು 12 ಲಕ್ಷ ರೂಪಾಯಿ ದಾಟದಿದ್ದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆಗ ಜೈವಿಕ ಭಾರತ್ ಗುರುತನ್ನು ಅವರು ಹಾಕುವಂತಿಲ್ಲ. ಅಂಥಲ್ಲಿ ಹೊಲ ನೋಡಿ ಬರುವುದೇ ಪ್ರಮಾಣ. ಹೊಲ, ಬೆಳೆಗಳ ಸಂದೇಹಗಳಿಗೆ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ.

ಹಚ್ಚಿದ್ದರಿಂದ ಮೈ ಕೆಟ್ಟರೆ ಮೊದಲು ಹಚ್ಚುವುದನ್ನು ನಿಲ್ಲಿಸಿ, ಡಬ್ಬಿಯನ್ನು ಹಿಡಿದುಕೊಂಡೇ ಚರ್ಮವೈದ್ಯರಲ್ಲಿಗೆ ಹೋಗಬೇಕು; ಪಟ್ಟಿ ಓದದೆ ಅವರೂ ಕಾರಣ ಹೇಳಲಾರರು. ಬಿಲ್ಲನ್ನೂ ಬ್ಯಾಚ್ ನಂಬರಿನ ಫೋಟೋವನ್ನೂ ಇಟ್ಟುಕೊಂಡಿರಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕನ್ನಡದಲ್ಲೂ ಮಾತಾಡಬಹುದು.